ವಯಸ್ಸಿನ ಖಾತೆಗೆ ಬರೆದ ಕಾಯಿಲೆ

ವಯಸ್ಸಾದವರ ಬದುಕನ್ನು ಅರಿಯಲು ನಮ್ಮ ದೇಶದಲ್ಲಿ ನಡೆದ ಅತಿ ದೊಡ್ಡ ಸಮೀಕ್ಷೆ 2017-18ರ ‘ಲಾಸಿ’. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ ಈ ಸಮೀಕ್ಷೆಯವರು 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಅವರಲ್ಲಿ 31 ಸಾವಿರಕ್ಕೂ ಹೆಚ್ಚು ಮಂದಿ 60 ದಾಟಿದವರು. ನಿಮಗೆ ಖಿನ್ನತೆ ಇದೆಯೆಂದು ಯಾರಾದರೂ ವೈದ್ಯರು ಹೇಳಿದ್ದಾರೆಯೇ ಎಂದು ಈ ಹಿರಿಯರನ್ನು ಕೇಳಿದಾಗ ಹೌದೆಂದವರು ಶೇ 0.8ರಷ್ಟು. ಅದೇ ಜನರ ಬಳಿ ಕೂತು ಲಕ್ಷಣಗಳನ್ನು ಒಂದೊಂದಾಗಿ ಕೇಳಿ ಲೆಕ್ಕ ಹಾಕಿದಾಗ ತೀವ್ರ ಖಿನ್ನತೆ ಇರುವ ಸಂಭವ ಕಂಡದ್ದು ಶೇ 8.3 ಮಂದಿಯಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಯಾವ ವೈದ್ಯರ ಚೀಟಿಯಲ್ಲೂ ದಾಖಲಾಗಿಲ್ಲ. ಇವರಾರೂ ಆಸ್ಪತ್ರೆಯ ವಾರ್ಡಿನಲ್ಲೋ ವೃದ್ಧಾಶ್ರಮದಲ್ಲೋ ಸಿಕ್ಕವರಲ್ಲ, ಊರಿನಲ್ಲಿ, ತಮ್ಮ ತಮ್ಮ ಮನೆಯಲ್ಲಿ ಇರುವವರು. ಕಾಯಿಲೆ ಎಷ್ಟಿದೆ ಎಂಬುದಕ್ಕಿಂತ, ಇಷ್ಟಿದ್ದೂ ಅದು ಯಾರ ಕಣ್ಣಿಗೂ ಬೀಳದೆ ಹೋದದ್ದು ಹೇಗೆ ಎಂಬುದೇ ಮುಖ್ಯ ಪ್ರಶ್ನೆ. ಅರವತ್ತು ದಾಟಿದ ಹೆಂಗಸು ಮಾತು ಕಡಿಮೆ ಮಾಡಿ, ಊಟ ಬಿಟ್ಟು, ರಾತ್ರಿಯಿಡೀ ಎದ್ದು ಕೂತರೆ ನಾವು ಅದನ್ನು ವಯಸ್ಸಿನ ಖಾತೆಗೆ ಬರೆದುಬಿಡುತ್ತೇವೆ. ‘ವಯಸ್ಸಾಯ್ತಲ್ಲ, ಹಾಗೇ’ ಎಂಬ ಒಂದು ಮಾತು ಮಗನಿಗೂ ಸಾಕು, ಡಾಕ್ಟರಿಗೂ ಸಾಕು, ಕೊನೆಗೆ ಅವಳಿಗೂ ಸಾಕು. ಈ ಖಿನ್ನತೆ ವಯಸ್ಸಿನ ಗುಣವೂ ಅಲ್ಲ, ಹೆಣ್ಣಿನ ಸ್ವಭಾವವೂ ಅಲ್ಲ. ಅವಳು ಬದುಕುವ ಪರಿಸ್ಥಿತಿಯಿಂದ ಹುಟ್ಟಿ, ದೇಹದ ನೋವಿನ ಮರೆಯಲ್ಲಿ ಬೆಳೆದು, ಚಿಕಿತ್ಸೆಗೆ ಬಗ್ಗಬಹುದಾದ ಕಾಯಿಲೆ ಅದು. ಈವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದಕ್ಕೆ ಸಾಕಷ್ಟು ಆಧಾರ ಸಿಗುತ್ತದೆ.

ಮೊದಲು ಅಂಕಿಗಳ ಗೊಂದಲ ಬಿಡಿಸಿಕೊಳ್ಳಬೇಕು. ಭಾರತದ ಹಿರಿಯರಲ್ಲಿ ಖಿನ್ನತೆ ಎಷ್ಟು ಎಂದು ಹುಡುಕಿದರೆ ಒಂದೊಂದು ಕಡೆ ಒಂದೊಂದು ಉತ್ತರ. 1997ರಿಂದ 2016ರವರೆಗಿನ 51 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬಂದ ವಿಶ್ಲೇಷಣೆ ಶೇ 34.4 ಎನ್ನುತ್ತದೆ. ವೆಲ್ಲೂರಿನ ಬಳಿಯ ಕಣಿಯಂಬಾಡಿ ಬ್ಲಾಕಿನ ಹಳ್ಳಿಗಳಲ್ಲಿ ಸಾವಿರ ಹಿರಿಯರನ್ನು ನೋಡಿ 2009ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ಶೇ 12.7. ಲಾಸಿಯೊಳಗೇ ಒಂದು ಮಾಪಕ 8.3 ಎಂದರೆ, ಹಿಂದಿನ ವಾರ ಮನಸ್ಸು ಹೇಗಿತ್ತು ಎಂದು ಕೇಳುವ ಇನ್ನೊಂದು ಮಾಪಕ 30ರ ಆಸುಪಾಸಿಗೆ ಹೋಗುತ್ತದೆ. ಇನ್ನು ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಎಲ್ಲ ವಯಸ್ಕರನ್ನೂ ಸೇರಿಸಿದ ಪ್ರಮಾಣ ಶೇ 2.7. ಅಂಕಿಗಳು ಹೀಗೆ ಎದ್ದು ಬಿದ್ದು ಕುಣಿದರೆ ಓದುಗರಿಗೆ ಯಾವುದನ್ನೂ ನಂಬಬಾರದು ಎನಿಸುವುದು ಸಹಜ. ಆದರೆ ಇವು ಒಂದೇ ವಸ್ತುವಿನ ಅಳತೆಗಳಲ್ಲ. ಕೆಲವು ಮಾಪಕಗಳು ಲಕ್ಷಣಗಳ ಭಾರವನ್ನು ಅಳೆಯುತ್ತವೆ, ಕೆಲವು ವೈದ್ಯಕೀಯ ವ್ಯಾಖ್ಯೆಗೆ ಪೂರ್ತಿ ಹೊಂದುವ ಕಾಯಿಲೆಯನ್ನು ಮಾತ್ರ ಎಣಿಸುತ್ತವೆ. ಬಿಗಿ ಮಾಪಕದಲ್ಲಿ, ಎರಡು ವಾರಕ್ಕೂ ಹೆಚ್ಚು ಕಾಲ ಸತತವಾಗಿ ದುಃಖದಲ್ಲಿದ್ದಿರಾ ಎಂಬಂಥ ಆರಂಭದ ಪ್ರಶ್ನೆಗಳಿಗೆ ‘ಇಲ್ಲ’ ಎಂದವರು ಅಲ್ಲಿಗೇ ಲೆಕ್ಕದಿಂದ ಹೊರಗೆ. ತನ್ನ ದುಃಖವನ್ನು ದುಃಖವೆಂದು ಹೇಳಿಕೊಂಡು ಅಭ್ಯಾಸವಿಲ್ಲದ ಹೆಂಗಸು ಈ ಬಾಗಿಲಲ್ಲೇ ಉಳಿದುಹೋಗುತ್ತಾಳೆ. ಸಡಿಲ ಮಾಪಕದ ತೊಂದರೆ ಇದಕ್ಕೆ ತದ್ವಿರುದ್ಧ. ಹಿರಿಯರಿಗಾಗಿಯೇ 1980ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಪ್ರಶ್ನಾವಳಿಯೊಂದರಲ್ಲಿ, ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿರುವುದನ್ನೇ ಇಷ್ಟಪಡುತ್ತೀರಾ ಎಂಬ ಅರ್ಥದ ಪ್ರಶ್ನೆಯಿದೆ. ಹೌದೆಂದರೆ ಖಿನ್ನತೆಯ ಕಡೆಗೆ ಒಂದು ಅಂಕ. ಬಾಳೆಲ್ಲ ಹೊಸ್ತಿಲೊಳಗೆ ಇರುವುದೇ ಮರ್ಯಾದೆ ಎಂದು ಕಲಿತವಳಿಗೆ ಇದು ಇಷ್ಟದ ಪ್ರಶ್ನೆಯೇ ಅಲ್ಲ. ಹಾಗಾಗಿ ನಿಜವಾದ ಪ್ರಮಾಣ ಈ ಎರಡು ತುದಿಗಳ ನಡುವೆ ಎಲ್ಲೋ ಇದೆ ಎಂದಷ್ಟೇ ಹೇಳಬಹುದು. ನೀತಿ ರೂಪಿಸುವವರಿಗೆ ಅಷ್ಟು ಸಾಕು. ಲಾಸಿಯ ಬಿಗಿ ಮಾಪಕದ ಅಂಕಿಯನ್ನೇ ಹಿಡಿದರೂ ಹನ್ನೆರಡು-ಹದಿಮೂರು ಹಿರಿಯರಲ್ಲಿ ಒಬ್ಬರಿಗೆ ಈ ಕಾಯಿಲೆ ಇರಬಹುದು, ಚಿಕಿತ್ಸೆ ಸಿಕ್ಕಿರುವುದು ಬೆರಳೆಣಿಕೆಯವರಿಗೆ.

ಹಾಗಾದರೆ ಇವರು ವೈದ್ಯರ ಬಳಿ ಹೋಗುವುದೇ ಇಲ್ಲವೇ? ಹೋಗುತ್ತಾರೆ, ಮತ್ತೆ ಮತ್ತೆ ಹೋಗುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ಬೆಳಿಗ್ಗೆ ಮೊದಲು ನಿಲ್ಲುವವರೇ ಇವರು. ಆದರೆ ಅಲ್ಲಿ ಹೇಳುವುದು ಮನಸ್ಸಿನ ಮಾತಲ್ಲ: ಮೈಕೈ ನೋವು, ಕಾಲು ಜೋಮು, ಅಂಗಾಲು ಉರಿ, ಎದೆ ಡವಡವ, ತಲೆ ಧಿಮ್ ಅನ್ನುತ್ತದೆ, ಸುಸ್ತು, ರಾತ್ರಿ ಕಣ್ಣು ಮುಚ್ಚಲ್ಲ. ಇದನ್ನು ನಟನೆಯೆಂದೋ ಅಜ್ಞಾನವೆಂದೋ ತಳ್ಳಿಹಾಕುವುದು ತಪ್ಪು. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ 80 ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಮುಖ್ಯ. ಮನಸ್ಸಿನ ಲಕ್ಷಣಗಳು ಹೆಚ್ಚಿದಷ್ಟೂ ರೋಗಿಗಳಿಗೆ ಕಳಂಕದ ಭಯ ಹೆಚ್ಚಿತ್ತು, ದೇಹದ ಲಕ್ಷಣಗಳು ಹೆಚ್ಚಿದಲ್ಲಿ ಆ ಭಯ ಕಡಿಮೆಯಿತ್ತು. ಮೈನೋವು ಎಲ್ಲರಿಗೂ ಬರುತ್ತದೆ, ಅದನ್ನು ನಾಲ್ಕು ಜನರ ಮುಂದೆ ಹೇಳಬಹುದು. ಬದುಕು ಬೇಡವಾಗಿದೆ ಎಂದರೆ ಮಗಳ ಸಂಬಂಧಕ್ಕೂ ಮೊಮ್ಮಗನ ಮದುವೆಗೂ ತೊಡಕು. ಆಕೆ ಹೇಳದೆ ಬಚ್ಚಿಡುತ್ತಿದ್ದಾಳೆ ಎನ್ನುವುದಕ್ಕಿಂತ ಹೇಳಬಹುದಾದದ್ದನ್ನು ಹೇಳುತ್ತಿದ್ದಾಳೆ ಎನ್ನುವುದು ಸರಿ. ಕೇಳಿಸಿಕೊಳ್ಳುವವರು ಅದಕ್ಕೆ ಕೊಡುವ ಉತ್ತರ ಒಂದು ನೋವಿನ ಮಾತ್ರೆ, ಒಂದು ಶಕ್ತಿಯ ಇಂಜೆಕ್ಷನ್, ತೀರಾ ಸುಸ್ತೆಂದರೆ ಒಂದು ಬಾಟಲಿ ಗ್ಲೂಕೋಸ್, ನಿದ್ದೆಗೆ ಆಲ್‌ಪ್ರಜೋಲಾಂ. ಕೊನೆಯದು ನಿಜಕ್ಕೂ ಅಪಾಯಕಾರಿ. ಆ ಜಾತಿಯ ನಿದ್ದೆ ಮಾತ್ರೆಗಳು ತಿಂಗಳುಗಟ್ಟಲೆ ಹೊಟ್ಟೆಗೆ ಹೋದರೆ ಚಟವಾಗುತ್ತವೆ, ಮರೆವು ತರುತ್ತವೆ, ರಾತ್ರಿ ಬಚ್ಚಲಿಗೆ ಎದ್ದವರನ್ನು ಬೀಳಿಸುತ್ತವೆ. ಮೂಳೆ ಸವೆದ ಎಪ್ಪತ್ತರ ಹೆಂಗಸು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಮೊದಲಿನಂತೆ ಓಡಾಡುವ ಭರವಸೆಯಿಲ್ಲ. ಖಿನ್ನತೆಯನ್ನು ಖಿನ್ನತೆಯೆಂದು ಗುರುತಿಸದೆ ನಿದ್ದೆಗೆಂದು ಕೊಟ್ಟ ಔಷಧಿ ಅವಳನ್ನು ಹಾಸಿಗೆಗೇ ಕಟ್ಟಿಹಾಕಬಹುದು.

ಹೆಂಗಸರಲ್ಲೇ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಹಾರ್ಮೋನು, ಸೂಕ್ಷ್ಮ ಸ್ವಭಾವ, ಹೆಣ್ಣಿನ ಮನಸ್ಸು ಮುಂತಾದ ಸಿದ್ಧ ಉತ್ತರಗಳಿವೆ. ಇಲ್ಲಿ ಕಣಿಯಂಬಾಡಿಯ ಅಧ್ಯಯನವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಆ ಸಾವಿರ ಜನರಲ್ಲಿ ಖಿನ್ನತೆಯ ಜೊತೆ ಗಟ್ಟಿ ನಂಟು ಕಂಡದ್ದು ಕಡಿಮೆ ಆದಾಯಕ್ಕೆ, ಹಸಿವಿಗೆ, ಹೃದಯದ ಕಾಯಿಲೆಗೆ, ಸಕ್ಕರೆ ಕಾಯಿಲೆಗೆ, ತಲೆಗೆ ಬಿದ್ದ ಹಳೆಯ ಪೆಟ್ಟಿಗೆ. ಹಸಿವು ಅನುಭವಿಸಿದವರಲ್ಲಿ ಅಪಾಯ ಎರಡೂವರೆ ಪಟ್ಟು. ಮನಸ್ಸು ಬಿಚ್ಚಿ ಮಾತಾಡಬಲ್ಲ ಆಪ್ತರು ಇದ್ದವರಲ್ಲಿ ಅಪಾಯ ಗಣನೀಯವಾಗಿ ಕಡಿಮೆ. ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಹೆಣ್ಣಾಗಿರುವುದಕ್ಕೂ ಖಿನ್ನತೆಗೂ ಹೇಳಿಕೊಳ್ಳುವಂಥ ನಂಟು ಉಳಿಯಲಿಲ್ಲ. ವಯಸ್ಸಿನದ್ದೂ ಅದೇ ಕಥೆ. ಒಂದೇ ಬ್ಲಾಕಿನ ಒಂದು ಅಧ್ಯಯನದ ಮೇಲೆ ಸಿದ್ಧಾಂತ ಕಟ್ಟಬಾರದು, ನಿಜ. ಬೇರೆ ಅನೇಕ ಅಧ್ಯಯನಗಳಲ್ಲಿ ಹೆಂಗಸರ ಪ್ರಮಾಣ ಹೆಚ್ಚಾಗಿಯೇ ಉಳಿಯುತ್ತದೆ. ಆದರೂ ಎಲ್ಲಿ ನೋಡಬೇಕು ಎಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ. ಹೆಣ್ಣುತನ ಕಾಯಿಲೆ ತರುತ್ತದೆ ಎನ್ನುವುದಕ್ಕಿಂತ, ಕಾಯಿಲೆ ತರುವ ಸ್ಥಿತಿಗಳು ಹೆಣ್ಣಿನ ಪಾಲಿಗೆ ಹೆಚ್ಚು ಬಂದಿವೆ ಎನ್ನುವುದು ಈ ಅಂಕಿಗಳಿಗೆ ಹತ್ತಿರ.

ಆ ಸ್ಥಿತಿಗಳು ಅರವತ್ತಕ್ಕೆ ಶುರುವಾದವಲ್ಲ. ಇಂದು ಎಪ್ಪತ್ತು ದಾಟಿದ ಹೆಂಗಸು ಹುಟ್ಟಿದ್ದು 1950ರ ದಶಕದಲ್ಲೋ ಅದಕ್ಕೂ ಮೊದಲೋ. 1961ರ ಜನಗಣತಿಯಲ್ಲಿ ದೇಶದ ಹೆಂಗಸರ ಸಾಕ್ಷರತೆ ಶೇ 15ರಷ್ಟಿತ್ತು. ಶಾಲೆಯ ಮೆಟ್ಟಿಲು ಹತ್ತದೆ, ಹದಿನಾರಕ್ಕೋ ಹದಿನೇಳಕ್ಕೋ ಮದುವೆಯಾಗಿ, ತನಗಿಂತ ಎಷ್ಟೋ ವರ್ಷ ದೊಡ್ಡವನ ಜೊತೆ ಬಾಳಿದವರ ಸಂಖ್ಯೆ ಆ ಪೀಳಿಗೆಯಲ್ಲಿ ದೊಡ್ಡದು. ಹೆಂಗಸರ ಆಯಸ್ಸು ಸ್ವಲ್ಪ ಹೆಚ್ಚು, ಗಂಡನ ವಯಸ್ಸೂ ಹೆಚ್ಚು. ಹಾಗಾಗಿ ಅರವತ್ತು ದಾಟಿದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ವಿಧವೆಯರು, ಅದೇ ವಯಸ್ಸಿನ ಗಂಡಸರಲ್ಲಿ ಹೆಂಡತಿ ಕಳೆದುಕೊಂಡವರು ಅದರ ಒಂದು ಸಣ್ಣ ಪಾಲು. ಗಂಡ ಸತ್ತ ದುಃಖವೇ ಖಿನ್ನತೆಯಲ್ಲ. ಆದರೆ ಗಂಡನ ಜೊತೆ ಹೋಗುವುದು ಸಂಗಾತ ಒಂದೇ ಅಲ್ಲ. ಹೊಲದ ಪಹಣಿ ಮಗನ ಹೆಸರಿಗೆ ಹೋಗುತ್ತದೆ, ಬೀಗದ ಕೈ ಸೊಸೆಯ ಸೊಂಟಕ್ಕೆ ಹೋಗುತ್ತದೆ, ಆರತಿ ತಟ್ಟೆಯ ಮುಂದಿನ ಜಾಗ ಹೋಗುತ್ತದೆ. ತವರಿನ ಆಸ್ತಿಯ ಮಾತು ಇನ್ನೂ ದೂರ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ತಂದು ದೇಶಕ್ಕಿಂತ ಹನ್ನೊಂದು ವರ್ಷ ಮುಂದಿತ್ತು ಎಂದು ಹೆಮ್ಮೆಪಡುತ್ತೇವೆ. ಆದರೆ ಆ ತಿದ್ದುಪಡಿ ಬರುವ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸಲಿಲ್ಲ. ಇಂದಿನ ಅಜ್ಜಿಯರಲ್ಲಿ ಹೆಚ್ಚಿನವರು ಆ ಗೆರೆಯ ಆಚೆ ಬಿದ್ದವರೇ. 2005ರ ಕೇಂದ್ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಹಕ್ಕನ್ನು ಕೊಟ್ಟಿರಬಹುದು. ಎಪ್ಪತ್ತರಲ್ಲಿ ಅಣ್ಣತಮ್ಮಂದಿರ ಮೇಲೆ ದಾವೆ ಹೂಡಿ ತವರಿನ ಬಾಗಿಲನ್ನೂ ಮುಚ್ಚಿಕೊಳ್ಳುವವರು ಎಷ್ಟು ಜನ?

ಇಲ್ಲಿ ಎಲ್ಲರೂ ಎತ್ತುವ ಆಕ್ಷೇಪವೊಂದಿದೆ: ಇದೆಲ್ಲ ಒಟ್ಟು ಕುಟುಂಬ ಒಡೆದದ್ದರ ಫಲ, ಮಕ್ಕಳು ಅಮೆರಿಕಕ್ಕೋ ಬೆಂಗಳೂರಿಗೋ ಹೋದರು, ಮುದುಕರು ಒಂಟಿಯಾದರು, ಮೊದಲಿನ ಹಾಗೆ ಮನೆತುಂಬ ಜನ ಇದ್ದಿದ್ದರೆ ಖಿನ್ನತೆ ಎಲ್ಲಿ ಬರುತ್ತಿತ್ತು ಎಂಬುದು. ಕೇಳಲು ಹಿತವಾದ ವಾದ, ಅಂಕಿಗಳು ಮಾತ್ರ ಒಪ್ಪುವುದಿಲ್ಲ. ಲಾಸಿಯ ಪ್ರಕಾರ 60 ದಾಟಿದವರಲ್ಲಿ ಪೂರ್ತಿ ಒಂಟಿಯಾಗಿ ಇರುವವರು ನೂರಕ್ಕೆ ಆರು ಮಂದಿಯ ಆಸುಪಾಸು. ಒಂಟಿ ಹೆಂಗಸರಲ್ಲಿ ಖಿನ್ನತೆ ಹೆಚ್ಚು ಎಂಬುದು ನಿಜವೇ, ಅವರ ಕಷ್ಟ ಸಣ್ಣದಲ್ಲ. ಆದರೆ ಒಟ್ಟು ಲೆಕ್ಕದಲ್ಲಿ ಖಿನ್ನತೆಯಿಂದ ನರಳುವ ಬಹುಪಾಲು ಹೆಂಗಸರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳ ಜೊತೆಗೇ ಇದ್ದಾರೆ. ಮನೆಯಲ್ಲಿ ಎಷ್ಟು ಜನ ಇದ್ದಾರೆ ಎಂಬುದಕ್ಕಿಂತ ಆ ಮನೆಯಲ್ಲಿ ಅವಳ ಮಾತು ಎಷ್ಟು ನಡೆಯುತ್ತದೆ ಎಂಬುದು ಮುಖ್ಯ. ಇವತ್ತು ಏನು ಸಾರು ಮಾಡಬೇಕೆಂದು ಯಾರೂ ಅವಳನ್ನು ಕೇಳುವುದಿಲ್ಲ. ಟಿವಿ ರಿಮೋಟು ಅವಳ ಕೈಯಲ್ಲಿ ಇರುವುದಿಲ್ಲ. ಮಾತ್ರೆ ಮುಗಿದಿದೆ ಎಂದು ಮೂರು ಸಲ ನೆನಪಿಸಬೇಕು, ಮೂರನೆಯ ಸಲಕ್ಕೆ ಮಗನ ಮುಖ ನೋಡಬೇಕು. ಹಳೆಯ ಒಟ್ಟು ಕುಟುಂಬದಲ್ಲಿ ಅತ್ತೆಗೆ ಯಜಮಾನಿಕೆ ಇತ್ತು, ಅದಕ್ಕೆ ತೆರಿಗೆ ಕಟ್ಟಿದವಳು ಸೊಸೆ. ಸೊಸೆ ಸಂಪಾದಿಸುವವಳಾಗಿ, ಓದಿದವಳಾಗಿ ಬಂದಾಗ ಆ ವ್ಯವಸ್ಥೆ ಮುರಿದದ್ದು ಒಳ್ಳೆಯದೇ. ನಲವತ್ತು ವರ್ಷ ಸೊಸೆಯಾಗಿ ಸಹಿಸಿ, ಅತ್ತೆಯಾಗುವ ಸರದಿ ಬಂದಾಗ ಆ ಅಧಿಕಾರವೇ ಇಲ್ಲವಾದ ಒಂದು ಪೀಳಿಗೆ ಮಾತ್ರ ನಡುವೆ ಸಿಕ್ಕಿಕೊಂಡಿದೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಅತ್ತೆಗೋ ಸೊಸೆಗೋ ಎಂದು ರಾಜ್ಯವೆಲ್ಲ ನಗುತ್ತ ಚರ್ಚಿಸಿತಲ್ಲ, ಅದರ ತಳದಲ್ಲಿದ್ದದ್ದು ಇದೇ ಪ್ರಶ್ನೆ. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೆ ಎಂದು ಸರ್ಕಾರ ತೀರ್ಮಾನಿಸಿತು. ಆ ಒಂದು ಸಾಲು ಎಷ್ಟೋ ಮನೆಗಳಲ್ಲಿ ಮುದುಕಿಯೊಬ್ಬಳಿಗೆ ಬಹಳ ವರ್ಷಗಳ ನಂತರ ಸಿಕ್ಕ ಬೆಲೆ. ಎಟಿಎಂ ಕಾರ್ಡು ಯಾರ ಜೇಬಿನಲ್ಲಿ ಎಂಬುದು ಬೇರೆ ಪ್ರಶ್ನೆ.

ದೇಹದ ಪಾಲನ್ನೂ ಮರೆಯಬಾರದು. ಮಂಡಿ ಸವೆತ, ಮಸುಕಾದ ಕಣ್ಣು, ಕೇಳದ ಕಿವಿ ಒಂದೊಂದೂ ಅವಳ ಲೋಕವನ್ನು ಒಂದೊಂದು ಅಂಗುಲ ಕಿರಿದು ಮಾಡುತ್ತವೆ. ಮಂಡಿ ಬಗ್ಗದಿದ್ದರೆ ನೆಲಕ್ಕೆ ಕೂತು ಹೂ ಕಟ್ಟಲಾಗದು, ಕಿವಿ ಕೇಳದಿದ್ದರೆ ಜಗಲಿಯ ಹರಟೆಯಲ್ಲಿ ಪಾಲಿಲ್ಲ. ಕೆಮ್ಮಿದರೆ, ನಕ್ಕರೆ ಮೂತ್ರ ಸೋರುವ ತೊಂದರೆ ಎಷ್ಟೋ ಹೆಂಗಸರಿಗಿದೆ, ಅದನ್ನು ಸ್ವಂತ ಮಗಳಿಗೂ ಹೇಳುವುದಿಲ್ಲ. ಮದುವೆಮನೆಗೆ ಬರಲ್ಲ, ಬಸ್ಸು ಹತ್ತಲ್ಲ ಎಂಬ ಹಟದ ಹಿಂದೆ ಅದೇ ಇರಬಹುದು, ಮನೆಯವರು ಅದನ್ನು ‘ಅಜ್ಜಿಗೆ ಯಾರೂ ಬೇಡ’ ಎಂದು ಓದುತ್ತಾರೆ. ನೋವು ಖಿನ್ನತೆಯನ್ನು ಹೆಚ್ಚಿಸುತ್ತದೆ, ಖಿನ್ನತೆ ನೋವನ್ನು ಇಮ್ಮಡಿ ಮಾಡುತ್ತದೆ, ಯಾವುದು ಮೊದಲು ಎಂದು ಬಿಡಿಸುವುದು ಪಳಗಿದ ವೈದ್ಯರಿಗೂ ಕಷ್ಟ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆಗಳು ಖಿನ್ನತೆಯ ವೇಷದಲ್ಲೇ ಬರುತ್ತವೆ, ಖಿನ್ನತೆ ಮರೆವಿನ ಕಾಯಿಲೆಯ ವೇಷದಲ್ಲಿ ಬರುವುದುಂಟು. ಇದರ ಜೊತೆಗೆ ಆರೈಕೆಯ ದುಡಿಮೆ. ಪಾರ್ಶ್ವವಾಯು ಹೊಡೆದ ಗಂಡನನ್ನು ಎತ್ತಿ ಕೂರಿಸುವವಳು, ಕೆಲಸಕ್ಕೆ ಹೋಗುವ ಮಗಳ ಮಗುವಿಗೆ ಉಣಿಸುವವಳು ಸ್ವತಃ ಆರೈಕೆ ಬೇಕಾದ ವಯಸ್ಸಿನವಳು.

ಭಜನೆ, ದೇವಸ್ಥಾನ, ಪುರಾಣ ಪ್ರವಚನ ನಮ್ಮ ಹೆಂಗಸರಿಗೆ ಇದ್ದೇ ಇವೆಯಲ್ಲ, ಅವೇ ಔಷಧಿ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಹುರುಳಿದೆ. ಏಕಾದಶಿಗೋ ಸೋಮವಾರಕ್ಕೋ ಒಂದು ಹೊತ್ತು, ಒಂದು ಜಾಗ, ಹತ್ತು ಪರಿಚಿತ ಮುಖಗಳು, ಜೊತೆಗೆ ಹಾಡಲು ಒಂದು ದನಿ ಎಂದರೆ ವಾರಕ್ಕೊಂದು ಲಯ. ಶಕ್ತಿ ಯೋಜನೆಯ ಉಚಿತ ಬಸ್ಸು ಬಂದ ಹೊಸದರಲ್ಲಿ ಧರ್ಮಸ್ಥಳದ ದಾರಿ ಹಿಡಿದ ಹಿರಿಯ ಹೆಂಗಸರ ಗುಂಪುಗಳನ್ನು ಗೇಲಿ ಮಾಡಿದವರಿಗೆ ಇದು ಅರ್ಥವಾಗಿರಲಿಲ್ಲ. ಆದರೆ ಖಿನ್ನತೆಯ ಮೊದಲ ಕೆಲಸವೇ ಮನುಷ್ಯರನ್ನು ಇಂಥ ಜಾಗಗಳಿಂದ ಹಿಂದಕ್ಕೆಳೆಯುವುದು. ಭಜನೆಗೆ ಬರುತ್ತಿರುವವರಿಗೆ ಅದು ರಕ್ಷಣೆ ಕೊಡುತ್ತಿರಬಹುದು, ಬರುವುದನ್ನು ನಿಲ್ಲಿಸಿದವಳಿಗೆ ಭಜನೆಗೆ ಹೋಗು ಎನ್ನುವುದು ಕಾಲು ಮುರಿದವರಿಗೆ ನಡೆದಾಡು ಎಂದ ಹಾಗೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದು ಕಡೆಯಿಂದ ಬರುತ್ತದೆ. ಹಸಿವು, ವಿಧವೆತನ, ಆಸ್ತಿಯಿಲ್ಲದ ಸ್ಥಿತಿಯೇ ಕಾರಣ ಎಂದ ಮೇಲೆ ಅದನ್ನು ಕಾಯಿಲೆ ಎಂದು ಕರೆಯುವುದೇಕೆ? ಬಡತನಕ್ಕೆ ಮಾತ್ರೆ ಕೊಟ್ಟು ಸುಮ್ಮನಿರಿಸುವ ಹುನ್ನಾರ ಇದಲ್ಲವೇ? ಮಾತ್ರೆಯೊಂದನ್ನೇ ಕೊಟ್ಟು ಕೈತೊಳೆದುಕೊಂಡರೆ ಖಂಡಿತ ಹೌದು. ಆದರೆ ಕಾರಣ ಸಾಮಾಜಿಕವಾದ ಮಾತ್ರಕ್ಕೆ ಕಾಯಿಲೆ ಕಾಯಿಲೆಯಲ್ಲದೆ ಹೋಗುವುದಿಲ್ಲ. ಕ್ಷಯ ಬಡವರ ಗುಡಿಸಲಿನಲ್ಲಿ ಹೆಚ್ಚು ಎಂದು ಯಾರೂ ಔಷಧಿ ತಡೆಹಿಡಿಯುವುದಿಲ್ಲ. ದುಃಖಕ್ಕೂ ಖಿನ್ನತೆಗೂ ಗೆರೆ ಎಳೆಯುವುದು ಸುಲಭವಲ್ಲದಿದ್ದರೂ ಗೆರೆ ಇದೆ. ಗಂಡ ಸತ್ತ ಹೆಂಗಸಿನ ದುಃಖ ಅಲೆಅಲೆಯಾಗಿ ಬರುತ್ತದೆ, ನಡುವೆ ಮೊಮ್ಮಗುವಿನ ತೊದಲಿಗೆ ಅವಳು ನಗುತ್ತಾಳೆ. ಖಿನ್ನತೆಯಲ್ಲಿ ಆ ನಗು ಬರುವುದಿಲ್ಲ, ತಾನು ಭೂಮಿಗೆ ಭಾರ, ತನ್ನಿಂದ ಎಲ್ಲರಿಗೂ ಕಷ್ಟ ಎಂಬುದು ಬಿಡದೆ ಕಾಡುತ್ತದೆ, ಎರಡು ವಾರ ದಾಟಿದರೂ ನಿದ್ದೆ, ಹಸಿವು, ಕೆಲಸ ಯಾವುದೂ ಹದಕ್ಕೆ ಬರುವುದಿಲ್ಲ. ‘ದೇವರು ನನ್ನನ್ನೇಕೆ ಕರ್ಕೊಳ್ಳಲ್ಲ’ ಎಂಬ ಮಾತನ್ನು ನಾವು ಮುದುಕಿಯರ ವಾಡಿಕೆಯ ಮಾತೆಂದು ಕೇಳಿ ಬಿಡುತ್ತೇವೆ. ಹೆಚ್ಚಿನ ಸಲ ಅದು ವಾಡಿಕೆಯೇ ಇರಬಹುದು, ಕೆಲವು ಸಲ ಅಲ್ಲ. ಯಾವುದು ಯಾವುದೆಂದು ತಿಳಿಯಬೇಕಾದರೆ ಒಂದು ಗಳಿಗೆ ಕೂತು ಕೇಳಬೇಕು. ತೀವ್ರ ಖಿನ್ನತೆಗೆ ಮಾತ್ರೆ ಬೇಕೇಬೇಕು. ಅದು ಕೆಲಸ ತೋರಿಸಲು ನಾಲ್ಕಾರು ವಾರ ಹಿಡಿಯುತ್ತದೆ ಎಂದು ಮೊದಲ ದಿನವೇ ಹೇಳದಿದ್ದರೆ ಎಂಟನೆಯ ದಿನ ಡಬ್ಬಿ ಮೂಲೆ ಸೇರುತ್ತದೆ. ವಯಸ್ಸಾದ ಹೆಂಗಸರಲ್ಲಿ ಈ ಮಾತ್ರೆಗಳಿಂದ ರಕ್ತದ ಸೋಡಿಯಂ ಕುಸಿಯುವ ಅಪಾಯವಿದೆ, ಬಿ.ಪಿ.ಗೆ ನೀರಿನ ಮಾತ್ರೆ ನುಂಗುತ್ತಿದ್ದರೆ ಇನ್ನೂ ಹೆಚ್ಚು. ಆದರೆ ಸೌಮ್ಯ ಹಂತದವರಿಗೆ, ಕಾಯಿಲೆಯ ಅಂಚಿನಲ್ಲಿ ನಿಂತವರಿಗೆ ಮಾತ್ರೆಗಿಂತ ಮೊದಲು ಬೇರೆಯದೇ ಬೇಕು, ಅದಕ್ಕೆ ಪುರಾವೆ ನಮ್ಮ ಪಕ್ಕದಲ್ಲೇ ಇದೆ.

ಗೋವಾದಲ್ಲಿ ಅಮಿತ್ ಡಯಾಸ್ ಮತ್ತು ಸಂಗಡಿಗರು ನಡೆಸಿದ, 2018ರಲ್ಲಿ ಪ್ರಕಟವಾದ ಪ್ರಯೋಗ ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಅಧ್ಯಯನ. ಅರವತ್ತು ದಾಟಿದ, ಖಿನ್ನತೆಯ ಕೆಲವು ಲಕ್ಷಣಗಳಿದ್ದೂ ಇನ್ನೂ ಪೂರ್ಣ ಕಾಯಿಲೆಯಾಗದ 181 ಜನ, ಅವರಲ್ಲಿ ಹೆಂಗಸರೇ ಹೆಚ್ಚು. ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಸಾಮಾನ್ಯ ಜನರು, ಅಂದರೆ ವೈದ್ಯರೂ ಅಲ್ಲದ ಮನಶ್ಶಾಸ್ತ್ರಜ್ಞರೂ ಅಲ್ಲದ ಆಪ್ತಸಲಹೆಗಾರರು, ಬದುಕಿನ ಸಮಸ್ಯೆಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವುದನ್ನು ಕಲಿಸಿದರು. ನಿದ್ದೆ ಸರಿಪಡಿಸಿಕೊಳ್ಳುವ ಕ್ರಮ ಹೇಳಿಕೊಟ್ಟರು, ಸಕ್ಕರೆ ಕಾಯಿಲೆಯಂಥವನ್ನು ನೋಡಿಕೊಳ್ಳುವ ಬಗೆ ತಿಳಿಸಿದರು. ಎಲ್ಲಕ್ಕಿಂತ ಗಮನಿಸಬೇಕಾದ್ದು, ಸರ್ಕಾರದ ಸೌಲಭ್ಯಗಳನ್ನು ಪಡೆಯುವುದಕ್ಕೂ ಕೈಜೋಡಿಸಿದರು. ಒಂದು ವರ್ಷದ ನಂತರ ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ 14.44 ಮಂದಿ ಪೂರ್ಣ ಖಿನ್ನತೆಗೆ ಜಾರಿದ್ದರು, ಈ ಗುಂಪಿನಲ್ಲಿ ಶೇ 4.40. ಸಣ್ಣ ಪ್ರಯೋಗ, ಆದರೆ ಬಡತನವೋ ಕಾಯಿಲೆಯೋ ಎಂಬ ಜಗಳಕ್ಕೆ ಅದರಲ್ಲೇ ಉತ್ತರವಿದೆ. ನಿದ್ದೆಯನ್ನೂ ಪಿಂಚಣಿಯ ಅರ್ಜಿಯನ್ನೂ ಒಬ್ಬರೇ ಸಲಹೆಗಾರರು ಒಂದೇ ಸಲ ಕೂತು ವಿಚಾರಿಸಬಹುದು. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಶುರುಮಾಡಿದ ‘ಗೆಳೆತನದ ಬೆಂಚು’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಸಲಹೆಗಾರರೇ ಅಜ್ಜಿಯರು. ಚಿಕಿತ್ಸಾಲಯದ ಅಂಗಳದಲ್ಲಿ ಮರದ ಬೆಂಚಿನ ಮೇಲೆ ಕೂತು ಬಂದವರ ಕಷ್ಟ ಕೇಳುತ್ತಾರೆ. 573 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳ ನಂತರ ಖಿನ್ನತೆಯ ಲಕ್ಷಣ ಉಳಿದದ್ದು ಬೆಂಚಿಗೆ ಬಂದವರಲ್ಲಿ ಶೇ 13.7, ಉಳಿದವರಲ್ಲಿ ಶೇ 49.9. ಅಲ್ಲಿಗೆ ಬಂದ ರೋಗಿಗಳು ಹೆಚ್ಚಾಗಿ ಕಿರಿಯರು, ಹಾಗಾಗಿ ಈ ಅಂಕಿಯನ್ನು ನಮ್ಮ ಅಜ್ಜಿಯರಿಗೆ ನೇರವಾಗಿ ಅಂಟಿಸುವಂತಿಲ್ಲ. ಹಿರಿಯ ಹೆಂಗಸಿಗೆ ಕೊಡುವ ಸಾಮರ್ಥ್ಯವೂ ಇದೆ ಎಂಬುದಕ್ಕೆ ಮಾತ್ರ ಇದು ಗಟ್ಟಿ ಸಾಕ್ಷಿ. ಭಾರತದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ, ಇಷ್ಟು ಜನರಿಗೆ ಎಲ್ಲಿಂದ ತರೋಣ ಎಂಬ ಪ್ರಶ್ನೆಗೂ ಈ ಎರಡು ಪ್ರಯೋಗಗಳೇ ಉತ್ತರ.

ಕರ್ನಾಟಕಕ್ಕೆ ಇದು ಹೊಸ ದಾರಿಯೂ ಅಲ್ಲ. ಮನಸ್ಸಿನ ಚಿಕಿತ್ಸೆಯನ್ನು ದೊಡ್ಡಾಸ್ಪತ್ರೆಯಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಇಳಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿತು, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಾಯಿತು. 2022ರಿಂದ 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿ ಸಿಗುತ್ತದೆ. ಆದರೆ ಫೋನು ಮೊಮ್ಮಗನದ್ದು, ಮಂಗಳವಾರ ತಾಲ್ಲೂಕಿಗೆ ಕರೆದೊಯ್ಯಬೇಕಾದವನು ಮಗ. ಇವೆಲ್ಲ ಅವಳು ಬರಲಿ ಎಂದು ಕಾಯುವ ವ್ಯವಸ್ಥೆಗಳು, ಬಾರದಿರುವುದೇ ಅವಳ ಕಾಯಿಲೆಯ ಲಕ್ಷಣ. ಅವಳ ಮನೆಗೇ ಹೋಗುವ ಒಂದು ವ್ಯವಸ್ಥೆ ಮಾತ್ರ ಇದೆ: ಆಶಾ ಕಾರ್ಯಕರ್ತೆ. ಬಿ.ಪಿ., ಶುಗರ್, ಕ್ಯಾನ್ಸರ್ ಪತ್ತೆಗಾಗಿ ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಆಕೆ ತುಂಬುವ ಫಾರಂನಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆಗಳಿವೆ. ಹಿಂದಿನ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಎನಿಸಿದೆಯೇ, ಮನಸ್ಸು ಕುಗ್ಗಿದೆಯೇ. ಉತ್ತರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು ಮೂರು ದಾಟಿದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ ಆ ಎರಡು ಪ್ರಶ್ನೆ ಕೇಳುವ ಜಾಗ ನೋಡಿ. ಪಡಸಾಲೆ, ಪಕ್ಕದಲ್ಲಿ ಅಕ್ಕಿ ಆರಿಸುವ ಸೊಸೆ, ಟಿವಿಯ ಮುಂದೆ ಮಗ. ಸೊಂಟದ ಅಳತೆ, ಹೊಗೆಸೊಪ್ಪಿನ ಅಭ್ಯಾಸ, ಅಡುಗೆಗೆ ಯಾವ ಉರುವಲು ಎಂಬ ಪ್ರಶ್ನೆಗಳ ಸಾಲಿನ ಕೊನೆಯಲ್ಲಿ ‘ಬೇಜಾರಾಗುತ್ತಾ ಅಮ್ಮಾ?’ ಎಂದರೆ, ಸೊಸೆಯ ಎದುರು ಯಾವ ಅತ್ತೆ ಹೌದೆನ್ನುತ್ತಾಳೆ? ‘ಏನಿಲ್ಲಮ್ಮ, ಚೆನ್ನಾಗಿದೀನಿ’. ಸೊನ್ನೆ, ಸೊನ್ನೆ. ಲಾಸಿಯಲ್ಲಿ ಕಂಡ ಅಂತರದಲ್ಲಿ ಒಂದು ಪಾಲು ಇಂಥ ಸೊನ್ನೆಗಳದೇ ಎಂದು ನನ್ನ ಊಹೆ.

ಇಷ್ಟೆಲ್ಲವನ್ನೂ ಆಶಾ ತಲೆಗೆ ಕಟ್ಟುವುದೇ ಎಂದು ಯಾರಾದರೂ ಕೇಳಿದರೆ ಆ ಸಿಟ್ಟು ನ್ಯಾಯವಾದದ್ದು. ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂರಬೇಕಾದವರಿಗೆ ಇನ್ನೊಂದು ಹೊರೆ ಹೊರಿಸುವ ಮುನ್ನ ಯೋಚಿಸಬೇಕು. ಕೂತು ಕೇಳುವ ಕೆಲಸವನ್ನು ಬೇರೆಯವರಿಗೆ, ದುಡ್ಡು ಕೊಟ್ಟು, ತರಬೇತಿ ಕೊಟ್ಟು ಒಪ್ಪಿಸಬಹುದು. 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳಲ್ಲಿ ಪಳಗಿದ, ಈಗ ಐವತ್ತೈದು ಅರವತ್ತರ ಹೆಂಗಸರು ಊರೂರಲ್ಲಿದ್ದಾರೆ. ಯಾರ ಮನೆಯಲ್ಲಿ ಏನು ನಡೆದಿದೆ, ಯಾರ ಜೊತೆ ಹಿತ್ತಲಲ್ಲಿ ಕೂತು ಮಾತಾಡಬೇಕು, ಯಾವ ಹೊತ್ತಿಗೆ ಸೊಸೆ ಹೊಲಕ್ಕೆ ಹೋಗಿರುತ್ತಾಳೆ ಎಂಬುದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಗುಟ್ಟು ಊರೆಲ್ಲ ಹರಡೀತು ಎಂಬ ಭಯಕ್ಕೆ ಪಕ್ಕದ ಊರಿನವರನ್ನು ನೇಮಿಸುವ ದಾರಿಯೂ ಇದೆ. ಅವರು ಬರೀ ಸಾಂತ್ವನ ಹೇಳಿದರೆ ಸಾಲದು, ಕೈಯಲ್ಲಿ ಏನಾದರೂ ಇರಬೇಕು. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 80 ವರ್ಷದೊಳಗಿನವರಿಗೆ ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ತಿಂಗಳಿಗೆ 200 ರೂಪಾಯಿಗೇ ನಿಂತಿದೆ. ರಾಜ್ಯ ತಾನೇ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯ ಮೊತ್ತ 1,200. ಅದು ಆಧಾರ್ ಜೋಡಣೆಯ ತಕರಾರಿನಲ್ಲಿ ಎರಡು ತಿಂಗಳು ನಿಂತರೆ ನಾಡಕಚೇರಿಗೆ ಅಲೆಯುವವರು ಯಾರು ಎಂಬುದು ಆಡಳಿತದ ಪ್ರಶ್ನೆಯಷ್ಟೇ ಚಿಕಿತ್ಸೆಯ ಪ್ರಶ್ನೆಯೂ ಹೌದು, ಗೋವಾದ ಸಲಹೆಗಾರರು ಮಾಡಿದ್ದೂ ಇದನ್ನೇ. ಮನಸ್ಸಿನ ಬಗ್ಗೆ ಈಗಿರುವ ಎರಡು ಪ್ರಶ್ನೆಗಳ ಪಕ್ಕದಲ್ಲಿ ಇನ್ನೆರಡನ್ನು ಸೇರಿಸಲು ಒಂದು ಸುತ್ತೋಲೆ ಸಾಕು: ನಿನ್ನೆ ರಾತ್ರಿ ಹೊಟ್ಟೆ ತುಂಬ ಉಂಡಿರಾ, ಕಷ್ಟ ಹೇಳಿಕೊಳ್ಳಲು ಯಾರಾದರೂ ಇದ್ದಾರಾ. ಮನಸ್ಸು ಹೇಗಿದೆ ಎಂದರೆ ಚೆನ್ನಾಗಿದೀನಿ ಎನ್ನುವವಳೂ ಊಟದ ಪ್ರಶ್ನೆಗೆ ಅಷ್ಟು ಬೇಗ ಸುಳ್ಳು ಹೇಳುವುದಿಲ್ಲ, ಅದನ್ನೂ ಸೊಸೆ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಕೇಳಿದರೆ.